ಗಲ್ಲಾದಲ್ಲಿ ಕೂತ ಅಳಿಯ
ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಇದೇ ಪುಟದ ಮೂಲೆಯಲ್ಲಿ ಚೀನಾದ ಪ್ರಾಚೀನ ಗುರು ಕನ್ಫ್ಯೂಷಿಯಸ್‌ನ ಒಂದು ಮಾತು ಹಾಕಿದ್ದೆ. ರಾಜ್ಯ ನಡೆಸಲು ಏನು ಬೇಕು ಎಂದು ಶಿಷ್ಯ ಝಿಗೊಂಗ್ ಕೇಳುತ್ತಾನೆ. ಸಾಕಷ್ಟು ಅನ್ನ, ಸಾಕಷ್ಟು ಆಯುಧ, ಜನರ ನಂಬಿಕೆ ಎನ್ನುತ್ತಾನೆ ಗುರು. ಒಂದನ್ನು ಬಿಡಲೇಬೇಕಾಗಿ ಬಂದರೆ? ಆಯುಧ ಬಿಡು. ಇನ್ನೊಂದನ್ನೂ ಬಿಡಬೇಕಾದರೆ? ಅನ್ನ ಬಿಡು, ಸಾವು ಎಂದಿನಿಂದಲೂ ಇದ್ದದ್ದೇ, ಜನ ನಂಬದಿದ್ದರೆ ರಾಜ್ಯ ನಿಲ್ಲುವುದಿಲ್ಲ.

ಇಷ್ಟಕ್ಕೇ ಪತ್ರಗಳ ರಾಶಿ ಬಿದ್ದಿದೆ. ಒಬ್ಬರು, ‘ಹಸಿದವನ ಮುಂದೆ ಈ ಮಾತು ಹೇಳಿ ನೋಡಿ’ ಎಂದು ಬೈದಿದ್ದಾರೆ. ನ್ಯಾಯವಾದ ಬೈಗುಳವೇ. ಆದರೆ ಅದನ್ನು ಹೇಳಿದ್ದು ಹಸಿದವನಿಗಲ್ಲ, ಉಗ್ರಾಣದ ಕೀಲಿ ಇಟ್ಟುಕೊಂಡವನಿಗೆ. ಮುಂದಿನ ಪ್ರಶ್ನೆಗಳನ್ನು ಓದುವಾಗಲೂ ಇದು ಗಮನದಲ್ಲಿರಲಿ. ಹೆಸರು ಬೇಡ ಎಂದವರೇ ಹೆಚ್ಚಾದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಠಾಣೆಯಲ್ಲಿ ನನ್ನದೊಂದು ಸಣ್ಣ ವೆಜ್ ಹೋಟೆಲ್ ಇದೆ. ಊರಿಂದ ಅಕ್ಕನ ಮಗನನ್ನು ಕರೆಸಿ ಗಲ್ಲಾದಲ್ಲಿ ಕೂರಿಸಿದ್ದೇನೆ. ಮೊದಲು ಎಲ್ಲ ಸರಿಯಿತ್ತು. ಈಗೀಗ ರಾತ್ರಿ ಲೆಕ್ಕ ಮುಗಿಸುವಾಗ ಇನ್ನೂರು, ಮುನ್ನೂರು ಕಡಿಮೆ ಬರುತ್ತದೆ. ದಿನಾ ಅಲ್ಲ. ಕೇಳಿದರೆ ‘ಗೊತ್ತಿಲ್ಲ ಮಾವ’ ಎನ್ನುತ್ತಾನೆ. ಅವನ ತಲೆಯ ಮೇಲೆ ಕ್ಯಾಮೆರಾ ಹಾಕಿಸಿದೆ, ಅದರಲ್ಲಿ ಏನೂ ಕಾಣಲಿಲ್ಲ. ಲೆಕ್ಕಕ್ಕಿಲ್ಲದ ಐನೂರರ ನೋಟೊಂದನ್ನು ಗಲ್ಲಾದಲ್ಲಿ ಇಟ್ಟು ಪರೀಕ್ಷೆ ಮಾಡೋಣವೆಂದಿದ್ದೇನೆ. ಅಕ್ಕನಿಗೆ ಗೊತ್ತಾದರೆ ಮನೆ ಎರಡಾಗುತ್ತದೆ. ಏನು ಮಾಡಲಿ?

ಉತ್ತರ: ಧಣಿಗಳೇ, ಆ ನೋಟು ಇಡಬೇಡಿ. ತೆಗೆದರೆ ಕಳ್ಳ ಎನ್ನುತ್ತೀರಿ. ತೆಗೆಯದಿದ್ದರೆ ಕ್ಯಾಮೆರಾ ಇದೆಯೆಂದು ತೆಗೆಯಲಿಲ್ಲ ಎನ್ನುತ್ತೀರಿ. ಎರಡರಲ್ಲೂ ಹುಡುಗನ ವಿಷಯ ನಿಮಗೆ ಹೊಸದೇನೂ ತಿಳಿಯುವುದಿಲ್ಲ. ಮಾವ ತನಗೆ ಬಲೆ ಒಡ್ಡಿದ್ದ ಎಂಬುದು ಮಾತ್ರ ಒಂದಲ್ಲ ಒಂದು ದಿನ ಅವನಿಗೆ ತಿಳಿಯುತ್ತದೆ. ಹೋಟೆಲಿನಲ್ಲಿ ಗುಟ್ಟು ಎಷ್ಟು ದಿನ ನಿಲ್ಲುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇಂಥ ಬಲೆಗಳನ್ನು ಸಾಲಾಗಿ ಒಡ್ಡಿ ನೋಡಿದವರು ಇದ್ದಾರೆ. ಅಮೆರಿಕದ ಹ್ಯೂ ಹಾರ್ಟ್‌ಶಾರ್ನ್ ಮತ್ತು ಮಾರ್ಕ್ ಮೇ 1920ರ ದಶಕದಲ್ಲಿ ಸಾವಿರಾರು ಶಾಲಾಮಕ್ಕಳಿಗೆ ಕದಿಯಲು, ನಕಲು ಹೊಡೆಯಲು, ಸುಳ್ಳು ಹೇಳಲು ಬೇಕೆಂದೇ ಅವಕಾಶ ಮಾಡಿಕೊಟ್ಟು, ಯಾರು ಎಲ್ಲಿ ಏನು ಮಾಡಿದರೆಂದು ಗುರುತು ಹಾಕಿಕೊಂಡರು. 1928ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆಯಲ್ಲಿ ಉತ್ತರ ತಿದ್ದಿಕೊಂಡ ಹುಡುಗ ಚಿಲ್ಲರೆ ಕಾಸಿಗೂ ಕೈ ಹಾಕುತ್ತಾನೆ ಎಂದು ಹೇಳುವ ಹಾಗಿರಲಿಲ್ಲ. ಒಂದು ಪರೀಕ್ಷೆ ನೋಡಿ ಇನ್ನೊಂದರಲ್ಲಿ ಹೇಗಿರುತ್ತಾನೆಂದು ಊಹಿಸುವುದು ಬಹುಮಟ್ಟಿಗೆ ಸಾಧ್ಯವಾಗಲಿಲ್ಲ. ನಿಮ್ಮ ಐನೂರರ ನೋಟೂ ಅಂಥ ಒಂಟಿ ಪರೀಕ್ಷೆಯೇ.

ಹಾಗಾದರೆ ಕಣ್ಣು ಮುಚ್ಚಿ ನಂಬಬೇಕೇ ಎಂದು ಕೇಳುತ್ತೀರಿ. ಕನ್ಫ್ಯೂಷಿಯಸ್ ಕಣ್ಣು ಮುಚ್ಚಲು ಹೇಳುವ ಪೈಕಿ ಅಲ್ಲ. ಅವನ ಸಂವಾದಗಳ ಸಂಗ್ರಹದ 14ನೆಯ ಅಧ್ಯಾಯದಲ್ಲಿ ಒಂದು ಮಾತಿದೆ: ಮೋಸ ಮಾಡುತ್ತಾರೆಂದು ಮೊದಲೇ ಎಣಿಸಿಕೊಳ್ಳದೆ, ಆದರೂ ಮೋಸವಾದರೆ ಎಲ್ಲರಿಗಿಂತ ಮೊದಲು ಯಾರಿಗೆ ತಿಳಿಯುತ್ತದೋ ಅವನೇ ಯೋಗ್ಯ. ಓದಲು ಸುಲಭ, ನಡೆಸಲು ಕಷ್ಟ. ಮೊದಲೇ ಸಂಶಯಪಡದವನಿಗೆ ಮೊದಲೇ ತಿಳಿಯುವುದು ಹೇಗೆ? ಅದಕ್ಕೆ 2ನೆಯ ಅಧ್ಯಾಯದಲ್ಲಿ ದಾರಿ ಹೇಳಿದ್ದಾನೆ. ಒಬ್ಬ ಏನು ಮಾಡುತ್ತಾನೆ ನೋಡು, ಯಾಕಾಗಿ ಮಾಡುತ್ತಾನೆ ನೋಡು, ಯಾವುದರಲ್ಲಿ ಅವನ ಮನಸ್ಸು ನಿರಾಳವಾಗಿರುತ್ತದೆ ನೋಡು. ಆಮೇಲೆ ಅವನು ಎಲ್ಲಿ ಅಡಗಿಯಾನು? ಇದು ದಿನಗಟ್ಟಲೆ, ತಿಂಗಳುಗಟ್ಟಲೆ ಪಕ್ಕದಲ್ಲಿದ್ದು ನೋಡುವ ಕೆಲಸ. ಕ್ಯಾಮೆರಾ ಕೈಯನ್ನಷ್ಟೇ ತೋರಿಸುತ್ತದೆ.

ನನ್ನ ತಂದೆ ಮುಂಬಯಿ ಮಾಟುಂಗದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತೇ ತಲೆ ನರೆಸಿಕೊಂಡವರು. ಅವರ ಮೇಜಿನ ಡ್ರಾಯರಿನಲ್ಲಿ ಮರವನ್ನೇ ಕೊರೆದು ಮಾಡಿದ ದುಂಡನೆಯ ಗುಳಿಗಳಿದ್ದವು. ಐದು ಪೈಸೆಗೊಂದು, ಹತ್ತಕ್ಕೊಂದು, ನಾಲ್ಕಾಣೆಗೊಂದು. ಮಾಣಿ ಒಳಗಿಂದ ‘ಎರಡು ನಲವತ್ತು’ ಎಂದು ಕೂಗಿ ಮುಗಿಸುವಷ್ಟರಲ್ಲಿ, ಗಿರಾಕಿಯ ಮುಖ ನೋಡುತ್ತಲೇ ಅಪ್ಪನ ಬೆರಳು ಸರಿಯಾದ ಗುಳಿ ಸೇರಿರುತ್ತಿತ್ತು. ಅಂಥವರ ಗಲ್ಲಾದಲ್ಲೂ ದುಡ್ಡು ಕಡಿಮೆ ಬರುತ್ತಿತ್ತು. ಯಾಕೆಂದರೆ ಅವರು ಊಟಕ್ಕೆ ಎದ್ದಾಗ ಧಣಿಯ ತಮ್ಮ ಬಂದು ಕೂರುತ್ತಿದ್ದ. ಬಾಳೆಲೆಯವನು, ಹಾಲಿನವನು, ಸೌದೆಯವನು ಬಂದು ದುಡ್ಡು ಒಯ್ಯುತ್ತಿದ್ದರು. ಧಣಿಯೇ ಸಂಜೆ ಹೊರಡುವಾಗ ಡ್ರಾಯರಿಗೆ ಕೈ ಹಾಕಿ ‘ನೂರು ತಗೊಂಡೆ’ ಎಂದು ಹೇಳುತ್ತಿದ್ದರು, ಕೆಲವು ದಿನ ಹೇಳುತ್ತಲೂ ಇರಲಿಲ್ಲ. ಅಪ್ಪ ಮೇಜಿನ ಮೇಲೆ ಒಂದು ಕಬ್ಬಿಣದ ಮೊಳೆ ನಿಲ್ಲಿಸಿ, ಗಲ್ಲಾದಿಂದ ಯಾರು ಏನು ತೆಗೆದರೂ ಚೀಟಿ ಬರೆದು ಅದಕ್ಕೆ ಚುಚ್ಚಬೇಕು ಎಂದು ಕ್ರಮ ಮಾಡಿದರು. ಯಾರು ಎಂದರೆ ಧಣಿಯೂ. ಧಣಿಗೆ ಮೊದಲು ಸಿಟ್ಟು ಬಂತು, ಆಮೇಲೆ ಚೀಟಿ ಬರೆದರು.

ಈಗ ನಿಮ್ಮ ಹೋಟೆಲಿಗೆ ಬರೋಣ. ಗಿರಾಕಿ ಫೋನ್ ತೋರಿಸಿ ‘ಹೋಗಿದೆ ನೋಡಿ’ ಎನ್ನುತ್ತಾನೆ, ಸೌಂಡ್‌ಬಾಕ್ಸ್ ಸುಮ್ಮನಿರುತ್ತದೆ, ಹಿಂದೆ ಜನ ಸಾಲುಗಟ್ಟಿರುತ್ತಾರೆ. ಹುಡುಗ ಸರಿ ಹೋಗಿ ಎನ್ನುತ್ತಾನೆ. ಪಾರ್ಸೆಲ್ ಕೌಂಟರಿನ ಬಿಲ್ಲು ಎಷ್ಟೋ ಸಲ ಗಲ್ಲಾಕ್ಕೆ ಬರುವುದೇ ಇಲ್ಲ. ಆದ್ದರಿಂದ ಹುಡುಗನ ಮುಖ ನೋಡುವ ಮೊದಲು, ದುಡ್ಡು ಕಡಿಮೆ ಬಂದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ. ಭಾನುವಾರವೇ? ಹಾಲಿನ ಬಿಲ್ಲು ಕೊಡುವ ದಿನವೇ? ಅವನು ಊಟಕ್ಕೆ ಎದ್ದಾಗ ಯಾರು ಕೂರುತ್ತಾರೆ? ನೀವೇ ಕೈ ಹಾಕಿದ ದಿನವೇ? ಕ್ಯಾಲೆಂಡರನ್ನು ಅವನ ಮುಂದೆಯೇ ತೆರೆದು, ಅವನನ್ನೇ ಜೊತೆಗೆ ಕೂರಿಸಿಕೊಂಡು ನೋಡಿ.

ಇನ್ನೊಂದು. ನಿಮ್ಮ ಪತ್ರ ಎರಡು ಪುಟ ಇದೆ. ಕ್ಯಾಮೆರಾಕ್ಕೆ ಎಷ್ಟು ಖರ್ಚಾಯಿತು ಎಂದು ಬರೆದಿದ್ದೀರಿ. ಅಳಿಯನಿಗೆ ಸಂಬಳ ಎಷ್ಟು ಎಂದು ಎಲ್ಲೂ ಬರೆದಿಲ್ಲ. ಊರಿಂದ ಕರೆಸಿದ ಹುಡುಗರಿಗೆ ರೂಮು, ಊಟ, ‘ಮುಂದೆ ನಿನಗೊಂದು ಹೋಟೆಲ್ ಕಂಡಕ್ಟಿಂಗ್‌ಗೆ (ನಡೆಸಲು ಗುತ್ತಿಗೆಗೆ) ಹಿಡಿದುಕೊಡುತ್ತೇನೆ’ ಎಂಬ ಮಾತು, ಇಷ್ಟೇ ಸಂಬಳವಾಗಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಿಮ್ಮಲ್ಲಿ ಹಾಗಿಲ್ಲದಿದ್ದರೆ ಸಂತೋಷ. ಹಾಗಿದ್ದರೆ ಗಲ್ಲಾದ ಲೆಕ್ಕಕ್ಕೆ ಮೊದಲು ಆ ಲೆಕ್ಕ ಮುಗಿಸಿ. ಇಷ್ಟೆಲ್ಲ ಆದ ಮೇಲೂ ಅವನೇ ತೆಗೆದದ್ದು ಎಂದಾದರೆ ಎದುರು ಕೂರಿಸಿ ಕೇಳಿ, ಬೇರೆ ಕೆಲಸಕ್ಕೆ ಹಾಕಿ. ಅಕ್ಕನಿಗೆ ನೀವೇ ಹೇಳಿ, ಮಾಣಿಗಳ ಮೇಲಿನ ಕ್ಯಾಪ್ಟನ್ನಿನ ಬಾಯಿಂದ ಊರಿಗೆ ಸುದ್ದಿ ಹೋಗುವುದು ಬೇಡ.

ಪ್ರಶ್ನೆ: ಪುಣೆಯಲ್ಲಿ ಮನಶ್ಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಗುಣ, ಶೀಲ ಎಂದೆಲ್ಲ ಏನೂ ಇಲ್ಲ, ಇರುವುದು ಸಂದರ್ಭ ಮಾತ್ರ ಎಂದು ನಮ್ಮ ಸರ್ ಹೇಳುತ್ತಾರೆ. ಧಾರವಾಡದಲ್ಲಿರುವ ಅಜ್ಜ ‘ಹುಟ್ಟುಗುಣ ಸುಟ್ಟರೂ ಹೋಗದು’ ಎನ್ನುತ್ತಾರೆ. ಯಾರದು ಸರಿ? ಕನ್ಫ್ಯೂಷಿಯಸ್ ಯಾರ ಕಡೆ?

ಉತ್ತರ: ಸರ್ ಹೇಳಿದ್ದಕ್ಕೆ ಆಧಾರ ಇದೆ, ಆದರೆ ಅವರು ಹೇಳುವಷ್ಟು ದೂರ ಹೋಗುವುದಕ್ಕಿಲ್ಲ. ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ 1968ರಲ್ಲಿ ಎಬ್ಬಿಸಿದ ಜಗಳ ಇದು. ಡಾರ್ಲಿ ಮತ್ತು ಬ್ಯಾಟ್ಸನ್ ಪ್ರಿನ್ಸ್‌ಟನ್ನಿನ ಧರ್ಮಶಾಸ್ತ್ರ ವಿದ್ಯಾರ್ಥಿಗಳ ಮೇಲೆ ನಡೆಸಿ 1973ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೀನು ಓದಿರಬೇಕು. ಪಕ್ಕದ ಕಟ್ಟಡಕ್ಕೆ ಹೋಗಿ ಭಾಷಣ ಮಾಡಲು ಕಳಿಸುತ್ತಾರೆ. ಕೆಲವರ ಭಾಷಣದ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ಬೈಬಲ್ಲಿನ ಕಥೆ. ಓಣಿಯಲ್ಲಿ ಒಬ್ಬ ಕುಸಿದು ಕೂತು ನರಳುತ್ತಿರುತ್ತಾನೆ. ಸಮಯ ಬೇಕಾದಷ್ಟಿದೆ ಎಂದು ತಿಳಿದವರಲ್ಲಿ 63 ಶೇಕಡಾ ಜನ ನಿಂತು ವಿಚಾರಿಸಿದರು. ತಡವಾಗಿದೆ, ಬೇಗ ಹೋಗಿ ಎಂದು ಅಟ್ಟಿಸಿಕೊಂಡವರಲ್ಲಿ ನಿಂತವರು 10 ಶೇಕಡಾ. ಭಾಷಣದ ವಿಷಯ ಏನೆಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಬೆಳಗಿನ 8ರ ಹೊತ್ತಿಗೆ ದಾದರ್ ಸ್ಟೇಷನ್ನಿನ ಸೇತುವೆ ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದನ್ನೇ ಹಿಡಿದು ತತ್ವಶಾಸ್ತ್ರಜ್ಞರಾದ ಗಿಲ್ಬರ್ಟ್ ಹಾರ್ಮನ್ 1999ರಲ್ಲಿ, ಜಾನ್ ಡೋರಿಸ್ 2002ರಲ್ಲಿ, ಅರಿಸ್ಟಾಟಲ್ ಕಾಲದಿಂದ ಹೇಳುತ್ತ ಬಂದ ಸದ್ಗುಣಗಳ ಬುಡಕ್ಕೇ ಕೊಡಲಿ ಹಾಕಿದರು. ಕನ್ಫ್ಯೂಷಿಯಸ್ ಪರವಾಗಿ 2011ರಲ್ಲಿ ಚೀನೀ ಚಿಂತನೆಯ ವಿದ್ವಾಂಸ ಎಡ್ವರ್ಡ್ ಸ್ಲಿಂಗರ್‌ಲ್ಯಾಂಡ್ ಉತ್ತರ ಬರೆದ. ಅವನ ವಾದ ನನಗೆ ಹಿಡಿಸುತ್ತದೆ. ಒಂದು ಸಲದ ನಡತೆಯಿಂದ ಊಹಿಸಲಾಗದ್ದು ನೂರು ಸಲದ ನಡತೆಯಿಂದ ಒಂದು ಮಟ್ಟಕ್ಕೆ ತಿಳಿಯುತ್ತದೆ. ಜೊತೆಗೆ, ಸಂದರ್ಭ ಮನುಷ್ಯನನ್ನು ಎಳೆಯುತ್ತದೆ ಎಂಬುದು ಚೀನಾದ ಹಳಬರಿಗೆ ಗೊತ್ತೇ ಇತ್ತು. ಗೊತ್ತಿದ್ದದ್ದಕ್ಕೇ ಅವರು ಉಪದೇಶಕ್ಕಿಂತ ಆಚಾರಕ್ಕೆ, ಸಂಗೀತಕ್ಕೆ, ಸಹವಾಸಕ್ಕೆ ಅಷ್ಟು ಗಮನ ಕೊಟ್ಟರು. ಸಂದರ್ಭವನ್ನೇ ಮೊದಲು ಸರಿಮಾಡಿಕೊಂಡರೆ ಗುಣಕ್ಕೆ ಅದು ಒತ್ತಾಸೆಯಾಗುತ್ತದೆ. ಕನ್ಫ್ಯೂಷಿಯಸ್ ಪರಂಪರೆಯಲ್ಲೇ ಮುಂದೆ ಬಂದ ಚಿಂತಕ ಮೆನ್ಷಿಯಸ್‌ನ ತಾಯಿ ಮಗನಿಗಾಗಿ ಮನೆ ಬದಲಿಸಿದ ಕಥೆ ಇದೆ. ಸ್ಮಶಾನದ ಪಕ್ಕದಲ್ಲಿದ್ದಾಗ ಮಗ ಶವಸಂಸ್ಕಾರದ ಆಟ ಆಡಿದ, ಪೇಟೆಯ ಪಕ್ಕ ಬಂದಾಗ ವ್ಯಾಪಾರದ ಆಟ ಆಡಿದ. ಕೊನೆಗೆ ಶಾಲೆಯ ಪಕ್ಕ ಬಂದು ನಿಂತಳು. ಹನ್ನೊಂದು ತಿಂಗಳಿಗೊಮ್ಮೆ ಲೀವ್ ಅಂಡ್ ಲೈಸೆನ್ಸ್ ಬಾಡಿಗೆ ಕರಾರು ಮುಗಿದು ಗಂಟುಮೂಟೆ ಕಟ್ಟುವ ನಮ್ಮ ತಾಯಂದಿರಿಗೆ ಇಷ್ಟು ಆಯ್ಕೆ ಎಲ್ಲಿ!

ಅಜ್ಜನ ಗಾದೆಗೆ ಕನ್ಫ್ಯೂಷಿಯಸ್ ನೇರವಾಗಿ ಎದುರು. ಹುಟ್ಟಿನಿಂದ ಜನ ಹತ್ತಿರ ಹತ್ತಿರ, ರೂಢಿಯಿಂದ ದೂರ ದೂರ ಎಂದು 17ನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಅಜ್ಜನ ಜೊತೆ ವಾದ ಮಾಡಬೇಡ. ಸರ್ ಜೊತೆ ಮಾಡು, ಅದಕ್ಕೇ ಫೀಸು ಕಟ್ಟಿರುವುದು.

ಪ್ರಶ್ನೆ: ಅಣ್ಣ ಶೇರು ವ್ಯವಹಾರದಲ್ಲಿ ದುಡ್ಡು ಕಳೆದುಕೊಂಡು ಸಾಲದಲ್ಲಿದ್ದಾನೆ. ಅಮ್ಮನಿಗೂ ನನಗೂ ಮಾತ್ರ ಗೊತ್ತು. ಅತ್ತಿಗೆಗೆ ಹೇಳುವುದಿಲ್ಲ ಎಂದು ಅಮ್ಮ ದೇವರ ಮುಂದೆ ನಿಲ್ಲಿಸಿ ನನ್ನಿಂದ ಮಾತು ತಗೊಂಡಿದ್ದಾರೆ. ಈಗ ಅಣ್ಣ ಫ್ಲ್ಯಾಟಿನ ಮೇಲೆ ಸಾಲ ತೆಗೆಯುತ್ತಿದ್ದಾನೆ. ಫ್ಲ್ಯಾಟು ಇಬ್ಬರ ಹೆಸರಿನಲ್ಲಿದೆ, ಅತ್ತಿಗೆಯ ಸಹಿ ಬೇಕು. ಅವರಿಗೆ ‘ಅಂಗಡಿ ಹಾಕಲಿಕ್ಕೆ’ ಎಂದು ಹೇಳಿದ್ದಾನೆ. ಅತ್ತಿಗೆ ನನಗೇ ಫೋನ್ ಮಾಡಿ ‘ಸಹಿ ಹಾಕಲಾ?’ ಎಂದು ಕೇಳುತ್ತಿದ್ದಾರೆ. ಕೊಟ್ಟ ಮಾತು ಮುರಿಯಲೇ? (ಡೊಂಬಿವಿಲಿ)

ಉತ್ತರ: ತಂಗೀ, ಸಹಿ ಬೀಳುವ ಮೊದಲು ಅತ್ತಿಗೆಗೆ ವಿಷಯ ತಿಳಿಯಬೇಕು. ಅದರಲ್ಲಿ ನನಗೆ ಸಂಶಯವಿಲ್ಲ. ಹೇಗೆ ತಿಳಿಯಬೇಕು ಎಂಬುದರಲ್ಲಿ ಮಾತ್ರ ಜಾಗ್ರತೆ ಬೇಕು.

ನಂಬಿಕೆಗೆ ಇಷ್ಟು ಬೆಲೆ ಕೊಟ್ಟ ಕನ್ಫ್ಯೂಷಿಯಸ್, ಆಡಿದ್ದನ್ನು ಹೇಗಾದರೂ ಮಾಡಿಯೇ ತೀರುವವನಿಗೆ ಎಂಥ ಜಾಗ ಕೊಟ್ಟ ಗೊತ್ತೇ? ಯೋಗ್ಯರ ಸಾಲಿನಲ್ಲಿ ಮೂರನೆಯದು, ಅದೂ ‘ಕಲ್ಲಿನಂಥ ಸಣ್ಣ ಮನುಷ್ಯ’ ಎಂದು ಗೊಣಗಿಕೊಂಡು. ಶಿಷ್ಯ ಯೂಝಿ ಇನ್ನೂ ಬಿಡಿಸಿ ಹೇಳಿದ: ಕೊಟ್ಟ ಮಾತು ನ್ಯಾಯಕ್ಕೆ ಹತ್ತಿರವಾಗಿದ್ದರೆ ಅದನ್ನು ನಡೆಸಬಹುದು. ಮೆನ್ಷಿಯಸ್ ಬಂದಾಗ ದೊಡ್ಡವನಾದವನು ಆಡಿದ್ದನ್ನೆಲ್ಲ ನಡೆಸಲೇಬೇಕೆಂದಿಲ್ಲ, ನ್ಯಾಯ ಎಲ್ಲಿದೆಯೋ ಅಲ್ಲಿರಬೇಕು ಎಂದೇಬಿಟ್ಟ. ಇವರಿಗೆ ಎದುರಾಗಿ ವೈ ಶೆಂಗ್ ಎಂಬವನ ಕಥೆ ಇದೆ. ಸೇತುವೆಯ ಕೆಳಗೆ ಕಾಯುತ್ತೇನೆಂದು ಒಬ್ಬ ಹುಡುಗಿಗೆ ಮಾತು ಕೊಟ್ಟ. ಅವಳು ಬರಲಿಲ್ಲ, ನೆರೆ ಬಂತು. ಕಂಬ ತಬ್ಬಿಕೊಂಡು ಅಲ್ಲೇ ಸತ್ತ. ನಿನ್ನ ಮನೆಯಲ್ಲಿ ಕಂಬ ಹಿಡಿದಿರುವವಳು ನೀನು, ನೆರೆ ಬರುವುದು ಮಾತ್ರ ಅತ್ತಿಗೆಯ ಮನೆಗೆ.

ದೇವರ ಮುಂದೆ ಮಾತು ತಗೊಂಡರು ಎಂದೆಯಲ್ಲ. ಪ್ರಾಚೀನ ಚೀನಾದ ಇತಿಹಾಸಕಾರ ಸಿಮಾ ಚಿಯೆನ್‌ನ ಇತಿಹಾಸದಲ್ಲಿ ಒಂದು ಪ್ರಸಂಗ ಬರುತ್ತದೆ. ಪೂ ಎಂಬ ಊರಿನವರು ಕನ್ಫ್ಯೂಷಿಯಸ್‌ನನ್ನು ಅಡ್ಡಗಟ್ಟಿ, ವೈ ರಾಜ್ಯಕ್ಕೆ ಹೋಗುವುದಿಲ್ಲವೆಂದು ಪ್ರಮಾಣ ಮಾಡಿಸಿಕೊಂಡು ಬಿಡುತ್ತಾರೆ. ಊರ ಬಾಗಿಲು ದಾಟಿದವನು ನೇರ ವೈ ಕಡೆಗೇ ನಡೆದ. ಪ್ರಮಾಣ ಮುರಿಯಬಹುದೇ ಎಂದು ಝಿಗೊಂಗ್ ಬಾಯಿ ಬಿಟ್ಟು ಕೇಳಿದ. ಬಲವಂತದ ಪ್ರಮಾಣವನ್ನು ದೇವತೆಗಳು ಕೇಳಿಸಿಕೊಳ್ಳುವುದಿಲ್ಲ ಎಂದ ಗುರು.

ನಿನ್ನ ಅಣ್ಣನಿಗೆ ಕನ್ಫ್ಯೂಷಿಯಸ್ ಸಂವಾದಗಳ ಗ್ರಂಥ ಗೊತ್ತಿದ್ದರೆ 13ನೆಯ ಅಧ್ಯಾಯ ತೆಗೆದು ತೋರಿಸಿಯಾನು. ಅಪ್ಪ ಕುರಿ ಕದ್ದನೆಂದು ಮಗ ಸಾಕ್ಷಿ ಹೇಳಿದ, ನಮ್ಮ ಊರಿನ ಪ್ರಾಮಾಣಿಕತೆ ಅಂಥದ್ದು ಎಂದು ಒಬ್ಬ ಪಾಳೆಯಗಾರ ಕೊಚ್ಚಿಕೊಂಡಾಗ, ನಮ್ಮಲ್ಲಿ ಮಗನ ತಪ್ಪನ್ನು ಅಪ್ಪ ಮುಚ್ಚುತ್ತಾನೆ, ಅಪ್ಪನದನ್ನು ಮಗ ಮುಚ್ಚುತ್ತಾನೆ, ಪ್ರಾಮಾಣಿಕತೆ ಅದರೊಳಗೇ ಇದೆ ಎಂದ ಕನ್ಫ್ಯೂಷಿಯಸ್. ಇದು ಒಪ್ಪತಕ್ಕದ್ದೋ ಅಲ್ಲವೋ ಎಂದು ಇವತ್ತಿಗೂ ವಿದ್ವಾಂಸರು ಕಾದಾಡುತ್ತಾರೆ. ನನ್ನ ಮಟ್ಟಿಗೆ, ಊರವರಿಂದ ಮುಚ್ಚುವುದು ಬೇರೆ. ಮನೆಯೊಳಗಿನ ಒಬ್ಬಳಿಂದ ಮುಚ್ಚಿಟ್ಟು ಅವಳದೇ ಸಹಿ ಹಾಕಿಸಿಕೊಳ್ಳುವುದು ಬೇರೆ. ಕುರಿ ಈ ಸಲ ಅತ್ತಿಗೆಯದು.

ಮೊದಲು ಅಣ್ಣನ ಬಳಿ ಹೋಗು. ‘ಸಹಿಗೆ ಮೊದಲು ನೀನೇ ಹೇಳು, ನಾನು ಪಕ್ಕದಲ್ಲಿ ಕೂರುತ್ತೇನೆ, ಈ ಭಾನುವಾರದೊಳಗೆ ನೀನು ಹೇಳದಿದ್ದರೆ ನಾನು ಹೇಳುತ್ತೇನೆ’ ಎನ್ನು. ಆಮೇಲೆ ಅಮ್ಮನಿಗೆ ಇದೇ ಮಾತು ಹೇಳು, ಬೆನ್ನ ಹಿಂದೆ ಮಾಡಬೇಡ. ಅಲ್ಲಿಯವರೆಗೆ ಅತ್ತಿಗೆ ಕೇಳಿದರೆ ‘ಇನ್ನೂ ಹಾಕಬೇಡಿ ಅತ್ತಿಗೆ, ಅಣ್ಣ ನಿಮ್ಮ ಹತ್ತಿರ ಮಾತಾಡುವುದಿದೆ’ ಎಂದರೆ ಸಾಕು. ಅಮ್ಮ ಒಂದಷ್ಟು ದಿನ ಮಾತು ಬಿಡಬಹುದು. ಬಿಡಲಿ.

ಪ್ರಶ್ನೆ: ಮಾತುಮಾತಿಗೆ ಆಣೆ ಪ್ರಮಾಣ ಮಾಡುವವರನ್ನು ನಂಬಬಹುದೇ?

ಉತ್ತರ: ಸಿಹಿ ಮಾತು, ನಗುಮುಖ ಇರುವಲ್ಲಿ ಒಳ್ಳೆಯತನ ಅಪರೂಪ ಎಂದು ಕನ್ಫ್ಯೂಷಿಯಸ್. ಅವನಿಗೂ ಇದು ತಡವಾಗಿ ಗೊತ್ತಾದದ್ದು. ಮಾತಿನ ಮಲ್ಲ ಎನಿಸಿಕೊಂಡ ಶಿಷ್ಯ ಝೈ ಯೂ ಹಗಲು ಹೊತ್ತಿನಲ್ಲಿ ಮಲಗಿ ಸಿಕ್ಕಿಬಿದ್ದಾಗ, ಮೊದಲೆಲ್ಲ ಮಾತು ಕೇಳಿ ನಡತೆಯೂ ಹಾಗೇ ಎಂದು ನಂಬುತ್ತಿದ್ದೆ, ಈಗ ಮಾತು ಕೇಳಿ ನಡತೆ ನೋಡುತ್ತೇನೆ ಎಂದ. ನೀವೂ ಹಾಗೇ ಮಾಡಿ. ಆಣೆಗೆ ತೂಕ ಹಾಕಬೇಡಿ, ತಾರೀಖು ಹಾಕಿ.

ಪ್ರಶ್ನೆ: ಮೇಡಂರೀ, ನಮ್ಮಪ್ಪ ಬಿಜಾಪುರ ಕಡಿಯಿಂದ ಗೋವಾದ ವಾಸ್ಕೊಕ್ಕ ಬಂದವ್ರು. ನಾ ಹುಟ್ಟಿದ್ದ ಇಲ್ಲೆ. ಎಷ್ಟು ವರ್ಷ ಇದ್ರೂ ಇಲ್ಲಿ ಕೆಲವು ಮಂದಿ ನಮ್ಮನ್ನ ‘ಘಾಟಿ’ (ಘಟ್ಟದ ಮ್ಯಾಲಿನವ್ರು) ಅಂತ ಹೀಯಾಳಸ್ತಾರ. ಅದಕ್ಕ ಮಗಗ ‘ನಮ್ಮವರನ್ನ ಬಿಟ್ಟು ಯಾರನ್ನೂ ನಂಬಬ್ಯಾಡ’ ಅಂತ ಕಲಿಸೇನಿ. ತಪ್ಪೇನ್ರಿ?

ಉತ್ತರ: ನೋವಿನಿಂದ ಕಲಿಸಿದ್ದೀರಿ, ತಪ್ಪು ಎಂದು ಬಾಯಿ ಬರುವುದಿಲ್ಲ. ಆದರೆ ಮಗನಿಗೆ ಇದರಿಂದ ನಷ್ಟ. ಜಪಾನಿನ ತೋಶಿಯೊ ಯಮಗಿಶಿ ಎಂಬ ಮನಶ್ಶಾಸ್ತ್ರಜ್ಞ ಜೀವಮಾನವಿಡೀ ಇದನ್ನೇ ಅಭ್ಯಾಸ ಮಾಡಿದರು. ಒಬ್ಬರಿಗೊಬ್ಬರು ಬಿಗಿದುಕೊಂಡಿರುವ ಸಮಾಜದಲ್ಲಿ ಜನ ಹೆಚ್ಚು ನಂಬುತ್ತಾರೆ ಎಂದು ನಾವು ತಿಳಿದಿರುತ್ತೇವೆ. 1994ರಲ್ಲಿ ಅವರು ಪ್ರಕಟಿಸಿದ ಹೋಲಿಕೆಯಲ್ಲಿ, ಅಪರಿಚಿತರನ್ನು ನಂಬುವ ವಿಷಯದಲ್ಲಿ ಜಪಾನೀಯರಿಗಿಂತ ಅಮೆರಿಕನ್ನರೇ ಮುಂದಿದ್ದರು. ನಮ್ಮವರ ನಡುವೆ ಇರುವುದು ಬಹಳ ಸಲ ನಂಬಿಕೆಯಲ್ಲ, ತಪ್ಪಿದರೆ ಊರಲ್ಲಿ ಮುಖ ತೋರಿಸಲಾಗದು ಎಂಬ ಭದ್ರತೆ ಎಂದರು ಅವರು. ಆ ಭದ್ರತೆಯೊಳಗೇ ಬೆಳೆದವನಿಗೆ ಹೊರಗಿನವರಲ್ಲಿ ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂದು ಗುರುತಿಸುವ ಅಭ್ಯಾಸವೇ ಆಗುವುದಿಲ್ಲ. ಭಿಶಿ (ಚೀಟಿ) ದುಡ್ಡು ಎತ್ತಿಕೊಂಡು ಓಡಿಹೋದವರಲ್ಲಿ ‘ನಮ್ಮವರು’ ಎಷ್ಟು ಜನ ಎಂದು ನೀವೇ ಒಮ್ಮೆ ಎಣಿಸಿ ನೋಡಿ.

ಹೊರಗಿನವರು ನಮ್ಮ ಬಗ್ಗೆ ಬರೆದುಕೊಳ್ಳುವ ಲೆಕ್ಕವನ್ನೂ ಪೂರ್ತಿ ನಂಬಬೇಕಾಗಿಲ್ಲ. 2019ರಲ್ಲಿ ಒಂದು ದೊಡ್ಡ ಪ್ರಯೋಗದ ವರದಿ ಬಂತು. 40 ದೇಶಗಳ 355 ನಗರಗಳಲ್ಲಿ 17,000ಕ್ಕೂ ಮಿಕ್ಕಿ ‘ಕಳೆದುಹೋದ’ ಪರ್ಸುಗಳನ್ನು ಬ್ಯಾಂಕು, ಅಂಚೆಕಚೇರಿ, ಹೋಟೆಲುಗಳ ಕೌಂಟರಿನಲ್ಲಿ ಕೊಟ್ಟು, ಒಳಗಿದ್ದ ವಿಳಾಸಕ್ಕೆ ಯಾರು ಈಮೇಲ್ ಕಳಿಸುತ್ತಾರೆಂದು ನೋಡಿದ್ದರು. ಬಹುತೇಕ ಎಲ್ಲ ಕಡೆ ಖಾಲಿ ಪರ್ಸಿಗಿಂತ ದುಡ್ಡಿದ್ದ ಪರ್ಸಿಗೇ ಹೆಚ್ಚು ಉತ್ತರ ಬಂತು. ಚೀನಾದಿಂದ ಈಮೇಲ್ ತೀರ ಕಡಿಮೆ ಬಂದದ್ದರಿಂದ ಅಲ್ಲಿಯ ಜನಕ್ಕೆ ಕೆಟ್ಟ ಹೆಸರಾಯಿತು. ಆಮೇಲೆ 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಚೀನಾದ ಸಂಶೋಧಕರು ಅದೇ ಪ್ರಯೋಗ ಮತ್ತೆ ಮಾಡಿ ನೋಡಿದರೆ, ಬಹಳ ಜನ ಈಮೇಲ್ ಮಾಡದೆ, ಪರ್ಸನ್ನು ಹಾಗೇ ಜೋಪಾನವಾಗಿ ತೆಗೆದಿಟ್ಟಿದ್ದರು, ಕಳೆದುಕೊಂಡವರು ಬಂದು ಒಯ್ಯಲಿ ಎಂದು. ಅಳೆದವರ ಕೋಲೇ ಬೇರೆಯಾಗಿತ್ತು.

ಕನ್ಫ್ಯೂಷಿಯಸ್ ಕೂಡ ಊರು ಬಿಟ್ಟು, ಆಶ್ರಯ ಕೊಡುವ ರಾಜನಿಗಾಗಿ ವರ್ಷಗಟ್ಟಲೆ ರಾಜ್ಯದಿಂದ ರಾಜ್ಯಕ್ಕೆ ಅಲೆದವನು. ಎಲ್ಲಿ ಹೋದರೂ ನಡೆಯುವಂಥ ನಡತೆ ಯಾವುದು ಎಂದು ಶಿಷ್ಯ ಝಿಜಾಂಗ್ ಕೇಳಿದಾಗ ಹೇಳಿದ: ಮಾತಿನಲ್ಲಿ ನಿಷ್ಠೆ, ನಂಬಿಕೆ ಇದ್ದು ನಡತೆಯಲ್ಲಿ ಶ್ರದ್ಧೆ, ಗೌರವ ಇದ್ದರೆ ಅನಾಗರಿಕರ ನಾಡಿನಲ್ಲೂ ನಡೆಯುತ್ತದೆ, ಇಲ್ಲದಿದ್ದರೆ ನಿನ್ನ ಸ್ವಂತ ಊರಿನಲ್ಲೂ ನಡೆಯುವುದಿಲ್ಲ. ಝಿಜಾಂಗ್ ಅದನ್ನು ಸೊಂಟದ ಪಟ್ಟಿಯ ಮೇಲೇ ಬರೆದುಕೊಂಡನಂತೆ. ‘ಅನಾಗರಿಕರು’ ಎಂಬ ಮಾತು ಅವನ ಕಾಲದ್ದು, ನಾನು ಸಮರ್ಥಿಸುವುದಿಲ್ಲ. ಘಾಟಿ ಎನ್ನುವವರ ಬಾಯಲ್ಲೂ ಅದೇ ಇದೆ. ಮಗನಿಗೆ ಶಾಲೆಯಲ್ಲಿ ಕೊಂಕಣಿ ಗೆಳೆಯರು ಇರಬೇಕಲ್ಲ, ಒಬ್ಬನನ್ನು ರವಿವಾರ ಊಟಕ್ಕೆ ಕರೀರಿ. ಜೋಳದ ರೊಟ್ಟಿ ಮಾಡ್ರಿ.

ಪ್ರಶ್ನೆ: ಚೆಂಬೂರಿನ ನಮ್ಮ ಹೌಸಿಂಗ್ ಸೊಸೈಟಿ ರಿಡೆವಲಪ್‌ಮೆಂಟಿಗೆ (ಹಳೆ ಕಟ್ಟಡ ಕೆಡವಿ ಬಿಲ್ಡರಿನಿಂದ ಹೊಸದು ಕಟ್ಟಿಸಲು) ಹೊರಟಿದೆ. ನಾನು ಕಾರ್ಯದರ್ಶಿ. ಒಂದು ಪೈಸೆ ಮುಟ್ಟಿಲ್ಲ, ರಜೆ ಹಾಕಿ ಬಿಎಂಸಿ (ಮುಂಬಯಿ ಮಹಾನಗರಪಾಲಿಕೆ) ಕಚೇರಿ ಅಲೆದಿದ್ದೇನೆ. ಆದರೂ ಸದಸ್ಯರು ವಾಟ್ಸ್ಯಾಪ್ ಗುಂಪಿನಲ್ಲಿ ಕೆದಕಿ ಕೆದಕಿ ಕೇಳುತ್ತಾರೆ. ನಿಸ್ವಾರ್ಥವಾಗಿ ದುಡಿಯುವವನನ್ನು ನಂಬದ ಜನಕ್ಕೆ ಕನ್ಫ್ಯೂಷಿಯಸ್ ಏನು ಹೇಳುತ್ತಾನೆ?

ಉತ್ತರ: ಜನಕ್ಕೆ ಏನೂ ಹೇಳುವುದಿಲ್ಲ ಸ್ವಾಮಿ, ನಿಮಗೇ ಹೇಳುತ್ತಾನೆ. ಹೇಳಿದ್ದು ಅವನ ಶಿಷ್ಯ ಝಿಶ್ಯಾ: ಮೇಲಿರುವವನು ಮೊದಲು ಜನರ ನಂಬಿಕೆ ಗಳಿಸಿ ಆಮೇಲೆ ಅವರಿಂದ ಕೆಲಸ ಕೇಳಬೇಕು, ಇಲ್ಲದಿದ್ದರೆ ತಮ್ಮನ್ನು ಹಿಂಡುತ್ತಿದ್ದಾನೆ ಎಂದುಕೊಳ್ಳುತ್ತಾರೆ. ನೀವು ನಲವತ್ತು ವರ್ಷದ ಮನೆ ಖಾಲಿ ಮಾಡಿ ಹೊರಡಿ ಎನ್ನುತ್ತಿದ್ದೀರಿ. ಇದಕ್ಕಿಂತ ದೊಡ್ಡ ಕೆಲಸ ಯಾವುದು ಕೇಳುತ್ತೀರಿ? ಕಟ್ಟಡ ಬಿದ್ದ ಮೇಲೆ ಬಿಲ್ಡರ್ ತಾತ್ಕಾಲಿಕ ಮನೆಗೆ ಕೊಡುವ ಭಾಡೆ (ಬಾಡಿಗೆ) ನಿಲ್ಲಿಸಿದರೆ ಎಪ್ಪತ್ತರ ವಯಸ್ಸಿನಲ್ಲಿ ಬೀದಿಗೆ ಬೀಳುವವರು ಅವರು. ಅಂಥವರನ್ನು ಈ ಊರಿನಲ್ಲಿ ಎಲ್ಲರೂ ನೋಡಿದ್ದಾರೆ.

ಮೇಯರ್, ಡೇವಿಸ್, ಶೂರ್ಮನ್ ಎಂಬ ಮೂವರು 1995ರಲ್ಲಿ ಬರೆದ ಲೇಖನವೊಂದು ನಿಮಗೆ ಉಪಯೋಗಕ್ಕೆ ಬಂದೀತು. ಒಬ್ಬನನ್ನು ನಂಬುವಾಗ ಜನ ಮೂರು ಬೇರೆ ಬೇರೆ ವಿಷಯ ನೋಡುತ್ತಾರೆ: ಇವನಿಗೆ ಕೆಲಸ ಗೊತ್ತೇ, ಇವನಿಗೆ ನಮ್ಮ ಮೇಲೆ ಕಾಳಜಿ ಇದೆಯೇ, ಇವನು ನೇರ ನಡೆಯವನೇ. ನಿಮ್ಮ ಪತ್ರದ ಜೊತೆ ಕಳಿಸಿದ ವಾಟ್ಸ್ಯಾಪ್ ಪ್ರಶ್ನೆಗಳನ್ನು ಮತ್ತೊಮ್ಮೆ ಓದಿ. ‘ಕಾರ್ಪೆಟ್ ಏರಿಯಾ ಎಷ್ಟು ಎಂದು ಎಲ್ಲಿ ಬರೆದಿದೆ?’ ‘ಬ್ಯಾಂಕ್ ಗ್ಯಾರಂಟಿ ಎಷ್ಟು ಮೊತ್ತಕ್ಕೆ?’ ‘ಭಾಡೆ ತಡವಾದರೆ ಏನು?’ ಒಂದರಲ್ಲೂ ನೀವು ತಿಂದಿದ್ದೀರಿ ಎಂದಿಲ್ಲ. ಬಿಲ್ಡರಿನ ವಕೀಲರ ಮುಂದೆ ನಿಲ್ಲುವಷ್ಟು ನಿಮಗೆ ವಿಷಯ ಗೊತ್ತಿದೆಯೇ ಎಂದು ಕೇಳುತ್ತಿದ್ದಾರೆ. ನೀವು ‘ನಾನು ಪ್ರಾಮಾಣಿಕ’ ಎಂದು ಉತ್ತರಿಸುತ್ತಿದ್ದೀರಿ. ಕೇಳಿದ್ದು ಒಂದು, ಹೇಳಿದ್ದು ಇನ್ನೊಂದಾದಾಗ ಇಲ್ಲದ ಸಂಶಯವೂ ಹುಟ್ಟುತ್ತದೆ.

ಮಹಾರಾಷ್ಟ್ರದ ಸಹಕಾರಿ ಕಾಯ್ದೆಯ 79ಎ ಅಡಿ ಸರ್ಕಾರ ಕೊಟ್ಟ ಸೂಚನೆಗಳಲ್ಲಿ ವಿಶೇಷ ಸಭೆಯನ್ನು ವಿಡಿಯೊ ಚಿತ್ರೀಕರಿಸಬೇಕೆಂದಿದೆ. ಅದು ನಿಮಗೆ ಅವಮಾನವೆಂದು ಪತ್ರದಲ್ಲಿ ಬರೆದಿದ್ದೀರಿ. ಠಾಣೆಯ ಧಣಿ ಅಳಿಯನ ತಲೆಯ ಮೇಲೆ ಹಾಕಿಸಿದ ಕ್ಯಾಮೆರಾ ಕೆಳಗಿದ್ದವನನ್ನು ನೋಡುತ್ತದೆ, ಇದು ಅಧಿಕಾರದಲ್ಲಿದ್ದವರನ್ನು. ಎರಡಕ್ಕೂ ಹೆಸರು ಒಂದೇ ಎಂದು ಸಿಟ್ಟಾಗಬೇಡಿ. ವಾಟ್ಸ್ಯಾಪಿನಲ್ಲಿ ಉತ್ತರ ಕೊಡುವುದನ್ನು ಇವತ್ತೇ ನಿಲ್ಲಿಸಿ. ಬಂದ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಒಪ್ಪಂದದ ಕರಡಿನ ಯಾವ ಪುಟದಲ್ಲಿ ಉತ್ತರ ಇದೆ ಎಂದು ಎದುರಿಗೆ ನಮೂದಿಸಿ. ಉತ್ತರ ಇಲ್ಲದ ಕಡೆ ‘ಇಲ್ಲ’ ಎಂದೇ ಬರೆದು, ಆ ಹಾಳೆ ಹಿಡಿದುಕೊಂಡು ಬಿಲ್ಡರಿನ ಬಳಿ ಹೋಗಿ. ಒಂಟಿಯಾಗಿ ಹೋಗಬೇಡಿ, ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಕೆದಕುವ ಆ ಎರಡನೇ ಮಹಡಿಯ ನಿವೃತ್ತ ಮಹಿಳೆಯನ್ನು ಜೊತೆಗೆ ಕರೆದುಕೊಂಡು ಹೋಗಿ.